ಬೆರ್ನಾರ್ಡ್ ಪಲಿಸ್ಸಿ ಎಂಬ ಕುಂಬಾರನ ಚರಿತ್ರೆ

ಸತ್ಯವೇದವನ್ನು ಓದುವವರಿಗೆ ಕುಂಬಾರನ ಕೆಲಸವು ಅಪರಿಚಿತವಾದದ್ದಲ್ಲ. ಪ್ರವಾದಿಯಾದ ಯೆರೆಮೀಯನು ದೇವರ ಅಪ್ಪಣೆಯ ಮೇರೆಗೆ ಕುಂಬಾರನ ಮನೆಗೆ ಹೋಗಿ, ಅವನು ತಿಗರಿಯ ಮೇಲೆ ಮಾಡುತ್ತಿದ್ದ ಕೆಲಸವನ್ನು ನೋಡಿದನು. ಅಪೊಸ್ತಲನಾದ ಪೌಲನೂ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅದೇ ಹೋಲಿಕೆಯನ್ನು ಎತ್ತಿಕೊಂಡಿದ್ದಾನೆ. ಆದರೆ ನಾವು ಆ ಅಧ್ಯಾಯಗಳನ್ನು ಓದುವಾಗ ತಿಗರಿಯನ್ನೂ ಕುಂಬಾರನ ಕೈಯನ್ನೂ ಮಾತ್ರ ನೆನಸಿಕೊಳ್ಳುತ್ತೇವೆ. ತಿಗರಿಯಿಂದ ಇಳಿಸಿದ ಹಸಿಯ ಪಾತ್ರೆಯು ಆವಿಗೆಗೆ ಹೋಗುವದಕ್ಕೆ ಮುಂಚೆ ನೆರಳಿನಲ್ಲಿ ಕಾದುಕೊಂಡಿರುವ ದಿನಗಳನ್ನು ನೆನಸುವವರು ಕಡಿಮೆ. ಪಾತ್ರೆಯು ಬೆಂಕಿಯಲ್ಲಿ ನಿಲ್ಲುವದೋ ಸಿಡಿಯುವದೋ ಎಂಬದು ಬಹುಮಟ್ಟಿಗೆ ಆ ದಿನಗಳಲ್ಲಿಯೇ ತೀರ್ಮಾನವಾಗುತ್ತದೆ. ಮಣ್ಣಿನ ಈ ಸ್ವಭಾವವನ್ನು ಬಹು ಕಷ್ಟದಿಂದ ಕಲಿತು, ಕಡೆಯಲ್ಲಿ ತಾನೇ ದೇವರ ಕೈಯಲ್ಲಿ ಒಂದು ಮಣ್ಣಿನ ಪಾತ್ರೆಯಾಗಿ ಬೆಂಕಿಯನ್ನು ತಾಳಿದ ಒಬ್ಬ ಪ್ರಾಟೆಸ್ಟಂಟ್ ಕುಂಬಾರನ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಹುಟ್ಟೂ ಮೊದಲನೆಯ ಉದ್ಯೋಗವೂ

ಬೆರ್ನಾರ್ಡ್ ಪಲಿಸ್ಸಿಯು 1510ನೇ ಇಸವಿಯ ಸುಮಾರಿಗೆ ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಹುಟ್ಟಿದನು. 1517ರಲ್ಲಿ ಮಾರ್ಟಿನ್ ಲೂಥರನು ಜರ್ಮನಿಯಲ್ಲಿ ಸಭಾಸುಧಾರಣೆಯ ಕೆಲಸವನ್ನು ಆರಂಭಿಸಿದಾಗ ಇವನು ಇನ್ನೂ ಚಿಕ್ಕ ಹುಡುಗನಾಗಿದ್ದನು. ಪಂಡಿತರ ಭಾಷೆಗಳಾದ ಲತೀನನ್ನೂ ಗ್ರೀಕನ್ನೂ ಕಲಿಯುವ ಭಾಗ್ಯವು ಇವನಿಗೆ ದೊರೆಯಲಿಲ್ಲ. ತನ್ನ ದೇಶಭಾಷೆಯಲ್ಲಿ ಓದುಬರಹವನ್ನೂ, ಚಿತ್ರ ಬರೆಯುವದನ್ನೂ, ಭೂಮಿಯನ್ನು ಅಳೆದು ನಕ್ಷೆ ತೆಗೆಯುವದನ್ನೂ ಕಲಿತುಕೊಂಡು, ದೇವಾಲಯಗಳ ಕಿಟಕಿಗಳಿಗೆ ಬಣ್ಣದ ಗಾಜುಗಳನ್ನು ಸಿದ್ಧಪಡಿಸುವ ಉದ್ಯೋಗಕ್ಕೆ ಸೇರಿದನು. ಯೌವನದಲ್ಲಿ ಕೆಲಸವನ್ನು ಹುಡುಕುತ್ತಾ ದೇಶದ ಅನೇಕ ಸೀಮೆಗಳನ್ನು ಸಂಚರಿಸಿ, ಹೋದಲ್ಲೆಲ್ಲಾ ಅಲ್ಲಿಯ ಮಣ್ಣು, ಕಲ್ಲು, ನೀರಿನ ಒರತೆ, ಗಿಡಮರ ಇವುಗಳನ್ನು ಕುತೂಹಲದಿಂದ ನೋಡುವದು ಇವನ ಅಭ್ಯಾಸವಾಗಿತ್ತು.

1539ರ ಸುಮಾರಿಗೆ ಇವನು ಸೇಂತ್ ಎಂಬ ಪಟ್ಟಣದಲ್ಲಿ ಹೆಂಡತಿ ಮಕ್ಕಳೊಂದಿಗೆ ನೆಲೆಗೊಂಡನು. ಆದರೆ ಗಾಜಿನ ಕೆಲಸಕ್ಕೆ ಗಿರಾಕಿಗಳು ವರ್ಷ ವರ್ಷಕ್ಕೆ ಕಡಿಮೆಯಾದರು. ಹೀಗಿರಲಾಗಿ ಒಂದು ದಿನ ಯಾರೋ ಒಬ್ಬರು ಇವನಿಗೆ ಮಣ್ಣಿನ ಒಂದು ಬಟ್ಟಲನ್ನು ತೋರಿಸಿದರು. ಅದಕ್ಕೆ ಎನಾಮಲ್ ಎಂಬ ಗಾಜಿನಂಥ ಲೇಪವನ್ನು ಕೊಟ್ಟಿದ್ದರು. ಅದರ ಅಂದವು ಇವನ ಮನಸ್ಸನ್ನು ಸೆರೆಹಿಡಿಯಿತು. ಅಂಥ ಲೇಪವನ್ನು ಮಾಡುವ ಗುಟ್ಟನ್ನು ಕಂಡುಹಿಡಿದರೆ ಮಡಕೆಗಳನ್ನು ಸುಂದರವಾಗಿ ಮಾಡಿ ಮನೆಯವರನ್ನು ಸಾಕಬಹುದೆಂದು ಯೋಚಿಸಿ, ಅಂದಿನಿಂದ ಇವನು ಆ ಒಂದೇ ಕೆಲಸಕ್ಕೆ ತನ್ನನ್ನು ಒಪ್ಪಿಸಿಕೊಟ್ಟನು.

ಆದರೆ ಇವನು ಗಾಜನ್ನು ಬಲ್ಲವನೇ ಹೊರತು ಮಣ್ಣನ್ನು ಬಲ್ಲವನಲ್ಲ. ಗಾಜು ಬೆಂಕಿಯಲ್ಲಿ ಕರಗುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಮಣ್ಣಾದರೋ ಬೆಂಕಿಗೆ ಹೋಗುವದಕ್ಕೆ ಬಹಳ ಮೊದಲೇ ಸಿದ್ಧವಾಗಬೇಕು. ಜೇಡಿಮಣ್ಣಿನ ಗುಣಗಳನ್ನು ಅರಿಯದೆ ಕತ್ತಲೆಯಲ್ಲಿ ತಡವುವವನಂತೆ ಹೊರಟೆನೆಂದು ಇವನು ತಾನೇ ಮುಂದೆ ಒಪ್ಪಿಕೊಂಡಿದ್ದಾನೆ. ಆದಕಾರಣ ಇವನ ಕಷ್ಟಗಳನ್ನು ವಿವರಿಸುವದಕ್ಕೆ ಮುಂಚೆ, ಈ ಕಾಲದ ಶಾಸ್ತ್ರಜ್ಞರು ಕಂಡುಕೊಂಡಿರುವ ಪ್ರಕಾರ ಮಣ್ಣು ಒಣಗುವ ಕ್ರಮವನ್ನು ಸ್ವಲ್ಪ ತಿಳಿಸುತ್ತೇವೆ.

ಹಸಿಯ ಮಣ್ಣು ಒಣಗಿ ಗಟ್ಟಿಯಾಗುವ ಕ್ರಮ

ಜೇಡಿಮಣ್ಣು ಕಣ್ಣಿಗೆ ಕಾಣದಷ್ಟು ಸಣ್ಣದಾದ ಚಪ್ಪಟೆ ಬಿಲ್ಲೆಗಳಿಂದ ಕೂಡಿದ್ದು. ನೀರು ಬೆರಸಿ ತುಳಿದಾಗ ಬಿಲ್ಲೆಗಳ ನಡುವೆ ನೀರು ಸೇರಿಕೊಂಡು ಅವು ಒಂದರ ಮೇಲೊಂದು ಜಾರುತ್ತವೆ. ಹಸಿಯ ಮಣ್ಣು ಕೈ ಒತ್ತಿದ ಕಡೆಗೆ ಬಾಗುವದಕ್ಕೆ ಇದೇ ಕಾರಣ. ಪಾತ್ರೆಯನ್ನು ತಿಗರಿಯಿಂದ ಇಳಿಸಿಟ್ಟ ಮೇಲೆ ಗಾಳಿಯು ಹೊರಮೈಯ ನೀರನ್ನು ಎಳೆದುಕೊಳ್ಳುತ್ತದೆ, ಒಳಗಿನ ನೀರು ಮೆಲ್ಲಗೆ ಹೊರಮೈಗೆ ಬರುತ್ತದೆ. ನೀರು ಹೋದ ಹಾಗೆಲ್ಲಾ ಬಿಲ್ಲೆಗಳು ಒಂದಕ್ಕೊಂದು ಹತ್ತಿರವಾಗಿ ಪಾತ್ರೆಯು ಕುಗ್ಗುತ್ತದೆ. ಒಂದು ಅಡಿ ಉದ್ದದ ಹಸಿಯ ಮಣ್ಣು ಒಣಗುವಷ್ಟರಲ್ಲಿ ಅರ್ಧ ಅಂಗುಲಕ್ಕಿಂತಲೂ ಹೆಚ್ಚಾಗಿ ಕುಗ್ಗುವದುಂಟು.

ಅಪಾಯವಿರುವದು ಈ ಕುಗ್ಗುವಿಕೆಯಲ್ಲಿಯೇ. ಬಿಸಿಲಿಗೂ ಬಿರುಗಾಳಿಗೂ ಇಟ್ಟರೆ ತೆಳ್ಳಗಿರುವ ಅಂಚು ಬೇಗನೆ ಒಣಗಿ ಕುಗ್ಗುತ್ತದೆ. ದಪ್ಪವಾದ ತಳವು ಇನ್ನೂ ಹಸಿಯಾಗಿ ಹಿಗ್ಗಿಕೊಂಡೇ ಇರುತ್ತದೆ. ಒಂದು ಭಾಗವು ಕುಗ್ಗಲು ಎಳೆಯುತ್ತದೆ, ಇನ್ನೊಂದು ಭಾಗವು ಬಿಡುವದಿಲ್ಲ. ಆಗ ಪಾತ್ರೆಯು ಬಿರಿಯುತ್ತದೆ. ಆದದರಿಂದ ಅನುಭವವುಳ್ಳ ಕುಂಬಾರನು ಅದನ್ನು ನೆರಳಿನಲ್ಲಿಟ್ಟು, ಅಂಚು ಬೇಗನೆ ಒಣಗುವಂತಿದ್ದರೆ ಒದ್ದೆಬಟ್ಟೆಯಿಂದ ಮುಚ್ಚಿ, ಆಗಾಗ್ಗೆ ತಿರುಗಿಸಿ, ಎಲ್ಲಾ ಕಡೆಯೂ ಸಮವಾಗಿ ಒಣಗುವಂತೆ ನೋಡಿಕೊಳ್ಳುತ್ತಾನೆ. ಮಣ್ಣಿಗೆ ಮರಳನ್ನಾಗಲಿ ಬೂದಿಯನ್ನಾಗಲಿ ಸೇರಿಸುವದೂ ಒಳಗಿನ ನೀರಿಗೆ ದಾರಿಯಾಗಲೆಂದೇ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ದೊರೆಗಳು ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕೆಲಸದಲ್ಲಿಯೂ ಈ ನಿಯಮವನ್ನು ಮೀರುವಂತಿರಲಿಲ್ಲ. ಅಚ್ಚಿನಿಂದ ತೆಗೆದ ಹಸಿಯ ಹಂಚು ನೆರಳಿನಲ್ಲಿ ಒಣಗಿದ ಮೇಲೆಯೇ ಆವಿಗೆಗೆ ಹೋಗಬೇಕು.

ಹೊರಗೆ ಒಣಗಿದಂತೆ ಕಾಣುವ ಪಾತ್ರೆಯ ಒಳಗೆ ತೇವವು ಉಳಿದಿದ್ದರೆ, ಬೆಂಕಿಯು ಅದನ್ನು ಬೈಲಿಗೆ ತರುತ್ತದೆ. ನೀರು 100 ಡಿಗ್ರಿ ಶಾಖದಲ್ಲಿ ಆವಿಯಾಗಿ, ಸುಮಾರು 1,600 ಪಾಲು ಹೆಚ್ಚು ಸ್ಥಳವನ್ನು ಬೇಡುತ್ತದೆ. ಹೊರಗೆ ಬರಲು ದಾರಿಯಿಲ್ಲದೆ ಪಾತ್ರೆಯನ್ನು ಸಿಡಿಸಿಬಿಡುತ್ತದೆ. ಚೆನ್ನಾಗಿ ಒಣಗಿದ ಪಾತ್ರೆಯಾದರೋ ನಿಲ್ಲುತ್ತದೆ. ಶಾಖವು 450ರಿಂದ 600 ಡಿಗ್ರಿಗೆ ಏರುವಷ್ಟರಲ್ಲಿ, ಯಾವ ಬಿಸಿಲಿಗೂ ಹೋಗದಂತೆ ಮಣ್ಣಿನ ಮೂಲದಲ್ಲಿಯೇ ಕೂಡಿಕೊಂಡಿದ್ದ ಇನ್ನೊಂದು ನೀರು ಬಿಟ್ಟುಹೋಗುತ್ತದೆ. ಆ ಮೇಲೆ ಅದು ತಿರಿಗಿ ಕೆಸರಾಗಲಾರದು. ಶಾಖವು ಮತ್ತಷ್ಟು ಏರಿದಾಗ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪಾತ್ರೆಯು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಇನ್ನೊಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಣಗುವಾಗ ಬಿರಿದ ಹಸಿಯ ಪಾತ್ರೆಯನ್ನು ಕುಂಬಾರನು ಬಿಸಾಡುವದಿಲ್ಲ. ಅದನ್ನು ನೀರಿನಲ್ಲಿ ನೆನಸಿ, ತುಳಿದು, ಮತ್ತೆ ತಿಗರಿಗೆ ಹಾಕುತ್ತಾನೆ. ಸುಟ್ಟ ಮೇಲೆ ಒಡೆದದ್ದು ಮಾತ್ರ ಬೋಕಿಯಾಗಿಯೇ ಉಳಿಯುತ್ತದೆ. ಯೆರೆಮೀಯನ 18ನೇ ಅಧ್ಯಾಯದಲ್ಲಿ ಕೆಟ್ಟುಹೋದ ಮಣ್ಣನ್ನು ಕುಂಬಾರನು ಮತ್ತೆ ರೂಪಿಸುತ್ತಾನೆ. 19ನೇ ಅಧ್ಯಾಯದಲ್ಲಿ ಒಡೆದ ಕುಡಿಕೆಯನ್ನು ಸರಿಮಾಡಲು ಯಾರಿಂದಲೂ ಆಗುವದಿಲ್ಲ. ಒಂದು ಹಸಿಯದು, ಇನ್ನೊಂದು ಸುಟ್ಟದ್ದು. ಪ್ರವಾದಿಯು ಕುಂಬಾರನ ಕೆಲಸವನ್ನು ಎಷ್ಟು ಸರಿಯಾಗಿ ನೋಡಿದ್ದನೆಂಬದು ಇದರಿಂದ ತಿಳಿಯುತ್ತದೆ.

ಹದಿನಾರು ವರ್ಷಗಳ ಪ್ರಯಾಸ

ಪಲಿಸ್ಸಿಯು ಮೊದಲು ಮಣ್ಣಿನ ಮಡಕೆಗಳನ್ನು ಕೊಂಡು ಒಡೆದು, ಬೋಕಿಗಳಿಗೆ ಗುರುತು ಹಾಕಿ, ತಾನು ಅರೆದ ಬಗೆಬಗೆಯ ಪುಡಿಗಳನ್ನು ಒಂದೊಂದಕ್ಕೆ ಹಚ್ಚಿ, ಯಾವದಕ್ಕೆ ಯಾವ ಪುಡಿ ಎಂಬದನ್ನು ಬರೆದಿಟ್ಟು, ತಾನೇ ಕಟ್ಟಿದ ಒಲೆಯಲ್ಲಿ ಸುಟ್ಟನು. ಒಂದೂ ಕರಗಲಿಲ್ಲ. ಬಳಿಕ ಊರ ಹೊರಗಿನ ಕುಂಬಾರರ ಆವಿಗೆಗಳಿಗೆ ನೂರಾರು ಬೋಕಿಗಳನ್ನು ಕಳುಹಿಸಿದನು, ಅದೂ ವ್ಯರ್ಥವಾಯಿತು. ಕೈಯಲ್ಲಿದ್ದ ಹಣವು ಮುಗಿಯಿತು. ಅಷ್ಟರಲ್ಲಿ ಅರಸನ ಅಧಿಕಾರಿಗಳು ಉಪ್ಪಿನ ತೆರಿಗೆಯನ್ನು ಗೊತ್ತುಮಾಡುವದಕ್ಕಾಗಿ ಆ ಸೀಮೆಯ ಉಪ್ಪಿನ ಗದ್ದೆಗಳನ್ನು ಅಳೆಯುವ ಕೆಲಸವನ್ನು ಇವನಿಗೆ ವಹಿಸಿದರು. ಅದರಿಂದ ಬಂದ ಸಂಬಳವನ್ನು ಇವನು ತಿರಿಗಿ ಬೆಂಕಿಗೇ ಹಾಕಿದನು.

ಅನಂತರ ಎರಡು ವರ್ಷಕ್ಕಿಂತ ಹೆಚ್ಚಾಗಿ ಗಾಜಿನ ಕುಲುಮೆಗಳಿಗೆ ಅಲೆದಾಡಿದ ಮೇಲೆ, ಒಂದು ಸಾರಿ 300ಕ್ಕಿಂತ ಹೆಚ್ಚು ಬಗೆಯ ಲೇಪಗಳನ್ನು ಪರೀಕ್ಷೆಗೆ ಇಟ್ಟನು. ಅವುಗಳಲ್ಲಿ ಒಂದು ಬೋಕಿಯ ಲೇಪವು ನಾಲ್ಕು ತಾಸುಗಳಲ್ಲಿ ಕರಗಿ, ಬಿಳುಪಾಗಿ ನುಣುಪಾಗಿ ಹೊಳೆಯಿತು. ತಾನು ಹೊಸ ಮನುಷ್ಯನಾದಂತೆ ಇವನು ಸಂತೋಷಪಟ್ಟನು. ಆದರೆ ಒಂದು ಬೋಕಿಯಿಂದ ಮನೆಯು ನಡೆಯುವದಿಲ್ಲ. ಮಣ್ಣಿನ ಕೆಲಸವನ್ನು ಎಂದೂ ಮಾಡದ ಇವನು ಏಳೆಂಟು ತಿಂಗಳು ಪಾತ್ರೆಗಳನ್ನು ಮಾಡುತ್ತಾ ಕೂತನು. ಇಟ್ಟಿಗೆಗಳನ್ನು ತನ್ನ ಬೆನ್ನ ಮೇಲೆ ಹೊತ್ತು, ನೀರನ್ನು ತಾನೇ ಸೇದಿ, ಗಾರೆಯನ್ನು ತಾನೇ ಕಲಸಿ ಆವಿಗೆಯನ್ನು ಕಟ್ಟಿದನು. ಪಾತ್ರೆಗಳು ಮೊದಲನೆಯ ಬೆಂಕಿಯನ್ನು ತಾಳಿದವು. ಲೇಪವನ್ನು ಹಚ್ಚಿ ಎರಡನೆಯ ಬೆಂಕಿಯನ್ನು ಹಾಕಿದಾಗ ಆರು ಹಗಲು ಆರು ರಾತ್ರಿ ಸೌದೆಯನ್ನು ಒಡ್ಡಿದರೂ ಲೇಪವು ಕರಗಲಿಲ್ಲ. ಬೇರೆ ಲೇಪವನ್ನು ಅರೆದು ಸಿದ್ಧಮಾಡುವಷ್ಟರಲ್ಲಿ ಸೌದೆಯು ತೀರಿತು. ಆಗ ತೋಟದ ಬಳ್ಳಿಗಳಿಗೆ ಆಧಾರವಾಗಿದ್ದ ಕಂಬಗಳನ್ನು ಕಿತ್ತು ಉರಿಸಿದನು. ಅವೂ ಸಾಲದಾಗ ಮನೆಯ ಮೇಜುಗಳನ್ನೂ ನೆಲಕ್ಕೆ ಹಾಸಿದ್ದ ಹಲಿಗೆಗಳನ್ನೂ ಬೆಂಕಿಗೆ ಹಾಕಿದನು. ಮೈಮೇಲಿನ ಅಂಗಿಯು ಒಂದು ತಿಂಗಳಿಂದ ಬೆವರಿನಿಂದ ಆರಿರಲಿಲ್ಲ. ನೆರೆಯವರು ಇವನಿಗೆ ಹುಚ್ಚು ಹಿಡಿಯಿತೆಂದರು; ಕಳ್ಳನಾಣ್ಯ ಮಾಡುತ್ತಾನೆಂದು ಕೆಲವರು ಸುದ್ದಿ ಹಬ್ಬಿಸಿದರು. ಇವನು ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ನಡೆಯಬೇಕಾಯಿತು.

ಮುಂದೆ ಒಬ್ಬ ಕುಂಬಾರನನ್ನು ಆರು ತಿಂಗಳು ಕೂಲಿಗೆ ಇಟ್ಟುಕೊಂಡು, ಕೊಡಲು ಹಣವಿಲ್ಲದೆ ತನ್ನ ಬಟ್ಟೆಗಳನ್ನೇ ಅವನಿಗೆ ಕೊಟ್ಟನು. ಹಳೆಯ ಆವಿಗೆಯನ್ನು ಕೀಳುವಾಗ ಕರಗಿ ಗಾಜಿನಂತಾಗಿದ್ದ ಗಾರೆಯು ಇವನ ಬೆರಳುಗಳನ್ನು ಕೊಯ್ದದರಿಂದ, ಬಟ್ಟೆ ಸುತ್ತಿದ ಕೈಯಿಂದ ಊಟಮಾಡಬೇಕಾಯಿತು. ಹೊಸ ಆವಿಗೆಯ ಗಾರೆಯಲ್ಲಿ ಬೆಣಚುಕಲ್ಲಿನ ಚೂರುಗಳು ಇದ್ದವು. ಅವು ಶಾಖಕ್ಕೆ ಸಿಡಿದು, ಕರಗಿದ ಲೇಪಕ್ಕೆ ಅಂಟಿಕೊಂಡು, ಎಲ್ಲಾ ಪಾತ್ರೆಗಳನ್ನೂ ಮುಳ್ಳುಮುಳ್ಳಾಗಿ ಮಾಡಿದವು. ಕಡಿಮೆ ಬೆಲೆಗೆ ಕೊಳ್ಳುವವರು ಇದ್ದರೂ, ಕೆಟ್ಟ ಸಾಮಾನನ್ನು ಮಾರಿ ಹೆಸರು ಕೆಡಿಸಿಕೊಳ್ಳುವದು ಬೇಡವೆಂದು ಇವನು ಅವೆಲ್ಲವನ್ನು ಒಡೆದುಹಾಕಿ, ದುಃಖದಿಂದ ಹಾಸಿಗೆ ಹಿಡಿದನು. ಇನ್ನೊಮ್ಮೆ ಬೂದಿಯು ಹಾರಿ ಲೇಪದ ಮೇಲೆ ಕೂತಿತು. ಅದಕ್ಕೆ ಪ್ರತಿಯಾಗಿ ಪಾತ್ರೆಗಳನ್ನು ಮಣ್ಣಿನ ಗೂಡುಗಳೊಳಗೆ ಇಟ್ಟು ಸುಡುವ ಉಪಾಯವನ್ನು ಕಂಡುಕೊಂಡನು. ಆವಿಗೆಗೆ ಮಾಡು ಹಾಕಿಸಲು ಗತಿಯಿಲ್ಲದೆ ಅನೇಕ ವರ್ಷ ಮಳೆಗೂ ಗಾಳಿಗೂ ಒಡ್ಡಿಕೊಂಡು ರಾತ್ರಿಯನ್ನು ಕಳೆದನು. ಬಿರುಗಾಳಿ ಎದ್ದಾಗ ಮಾಡಿದ ಕೆಲಸವನ್ನೆಲ್ಲಾ ಬಿಟ್ಟು, ನೆನೆದು ಕೆಸರಾಗಿ, ಕುಡಿದವನಂತೆ ತಡವರಿಸುತ್ತಾ ಮನೆಗೆ ಬಂದರೆ ಅಲ್ಲಿಯೂ ನಿಂದೆಯ ಮಾತುಗಳೇ ಇವನನ್ನು ಎದುರುಗೊಂಡವು.

ಮಕ್ಕಳು ಹಸಿದಿರುವಾಗ ಮನೆಯ ನೆಲವನ್ನೇ ಸುಡುವ ಗಂಡನ ಮೇಲೆ ಹೆಂಡತಿಯು ಗುಣುಗುಟ್ಟಿದ್ದು ಅನ್ಯಾಯವೆಂದು ನಾವು ಹೇಳಲಾರೆವು. ಸಾಲಮಾಡಿ ಮನೆಯವರನ್ನು ಕಷ್ಟಕ್ಕೆ ಗುರಿಮಾಡಿದ ವಿಷಯದಲ್ಲಿ ಇವನು ನಮಗೆ ಮಾದರಿಯಲ್ಲ. ಆದರೂ ಒಂದೊಂದು ನಷ್ಟದಿಂದಲೂ ಇವನು ಒಂದೊಂದು ಸಂಗತಿಯನ್ನು ಕಲಿತನು, ಕಲಿತದ್ದನ್ನು ಬಿಡಲಿಲ್ಲ. ಹೀಗೆ 15, 16 ವರ್ಷಗಳಾದ ಮೇಲೆ ಇವನ ಕೈ ಪಳಗಿತು. ಹಾವು, ಹಲ್ಲಿ, ಕಪ್ಪೆ, ಮೀನು, ಚಿಪ್ಪು, ಎಲೆ ಇವುಗಳನ್ನು ಜೀವವಿರುವಂತೆಯೇ ಮೂಡಿಸಿ ಬಣ್ಣದ ಲೇಪಕೊಟ್ಟ ಇವನ ಹರಿವಾಣಗಳು ದೊಡ್ಡ ಪ್ರಭುಗಳ ಮನೆಗಳನ್ನು ಸೇರಿದವು. ಫ್ರಾನ್ಸಿನ ಸೇನಾಧಿಪತಿಯಾದ ಆನ್ ದೆ ಮೋಂಮೊರಾನ್ಸಿ ಎಂಬ ಪ್ರಭುವು ಇವನಿಗೆ ಕೆಲಸಕೊಟ್ಟು ಆಶ್ರಯನಾದನು.

ಸೇಂತ್ ಪಟ್ಟಣದ ಸಣ್ಣ ಸಭೆ

ಈ ಬಡತನದ ವರ್ಷಗಳಲ್ಲಿಯೇ ಸುವಾರ್ತೆಯು ಪಲಿಸ್ಸಿಯ ಹೃದಯವನ್ನು ಮುಟ್ಟಿತು. 1546ರ ಸುಮಾರಿಗೆ ಸುಧಾರಣೆಯ ಬೋಧನೆಯನ್ನು ಕೇಳಿಬಂದ ಕೆಲವು ಸನ್ಯಾಸಿಗಳು ಆ ಸೀಮೆಯ ಹಳ್ಳಿಗಳಲ್ಲಿ ದೇವರ ವಾಕ್ಯವನ್ನು ಸಾರಿದರು. ಅವರಲ್ಲಿ ಕೆಲವರನ್ನು ಹಿಡಿದು ಸುಟ್ಟುಹಾಕಿದರು. ಆದರೂ ಬಿತ್ತಿದ ಬೀಜವು ಸಾಯಲಿಲ್ಲ.

ಸೇಂತ್ ಪಟ್ಟಣದಲ್ಲಿ ಸಭೆಯು ಹುಟ್ಟಿದ ರೀತಿಯನ್ನು ಪಲಿಸ್ಸಿಯೇ ಬರೆದಿಟ್ಟಿದ್ದಾನೆ. ಒಬ್ಬ ಬಡ ಕೈಗೆಲಸಗಾರನು ಒಂದು ಭಾನುವಾರ ಒಂಬತ್ತೋ ಹತ್ತೋ ಮಂದಿಯನ್ನು ಕೂಡಿಸಿ, ತಾನು ಪಂಡಿತನಲ್ಲದ ಕಾರಣ ಕಾಗದದಲ್ಲಿ ಬರೆದುಕೊಂಡಿದ್ದ ವೇದಭಾಗಗಳನ್ನು ಅವರಿಗೆ ಓದಿ ತಿಳಿಸಿದನು. ಆ ಕೆಲಸಗಾರನು ಪಲಿಸ್ಸಿಯೇ ಎಂದು ಚರಿತ್ರೆಗಾರರಲ್ಲಿ ಅನೇಕರ ಅಭಿಪ್ರಾಯ. ಬಳಿಕ ಆರು ಮಂದಿ ಸರದಿಯ ಪ್ರಕಾರ ಆರು ವಾರಗಳಿಗೆ ಒಂದು ಸಾರಿ ಒಬ್ಬೊಬ್ಬರು ಬೋಧಿಸುವದೆಂದು ಏರ್ಪಾಡು ಮಾಡಿಕೊಂಡರು. ಅವರಿಗೆ ದೇವಾಲಯವಿರಲಿಲ್ಲ, ಗಂಟೆಯಿರಲಿಲ್ಲ. ಮೊದಲಲ್ಲಿ ಬೋಧಕರೂ ಇರಲಿಲ್ಲ. ಮುಚ್ಚಿದ ಬಾಗಲಿನ ಹಿಂದೆ, ಎಷ್ಟೋ ಸಾರಿ ರಾತ್ರಿಯ ಹೊತ್ತಿನಲ್ಲಿ, ಅವರು ಕೂಡುತ್ತಿದ್ದರು. ಕೆಲವು ವರ್ಷಗಳಲ್ಲಿ ಆ ಸಭೆಯು ಬೆಳೆದು ಊರಿನ ನಡತೆಯನ್ನೇ ಬದಲುಮಾಡಿತು. ಜಗಳಗಳೂ ವ್ಯಾಜ್ಯಗಳೂ ಕಡಿಮೆಯಾದವೆಂದೂ, ಹಬ್ಬದ ದಿನಗಳಲ್ಲಿ ಜನರು ತೋಪುಗಳಲ್ಲಿ ಕೀರ್ತನೆಗಳನ್ನು ಹಾಡುತ್ತಿದ್ದರೆಂದೂ ಪಲಿಸ್ಸಿಯು ಸಾಕ್ಷಿಕೊಡುತ್ತಾನೆ.

ಒಮ್ಮೆ ಬಿರಿದು ಮತ್ತೆ ರೂಪವಾದ ಪಾತ್ರೆ

ಈ ಸಭೆಯ ತಂದೆಗಳಲ್ಲಿ ಫಿಲಿಬೆರ್ ಹಾಮೆಲಿನ್ ಎಂಬವನನ್ನು ಮರೆಯಬಾರದು. ಮೊದಲು ಪಾದ್ರಿಯಾಗಿದ್ದ ಇವನು ಸುವಾರ್ತೆಯನ್ನು ನಂಬಿದ ಹೊಸದರಲ್ಲಿ, 1546ರಲ್ಲಿ, ಸೆರೆಗೆ ಸಿಕ್ಕಿ, ಹೆದರಿಕೆಯಿಂದ ತನ್ನ ನಂಬಿಕೆಯನ್ನು ಮರೆಮಾಚಿ ಬಿಡುಗಡೆಯಾದನು. ಹಸಿಯಾಗಿದ್ದ ಪಾತ್ರೆಯು ಮೊದಲನೆಯ ಶಾಖಕ್ಕೇ ಬಿರಿಯಿತು. ಆದರೆ ಅವನು ತನ್ನ ತಪ್ಪಿಗಾಗಿ ಬಹಳ ದುಃಖಪಟ್ಟು ಜಿನೀವಾ ಪಟ್ಟಣಕ್ಕೆ ಹೋಗಿ, ಅಲ್ಲಿ ದೇವರ ವಾಕ್ಯದಲ್ಲಿ ಬಲಹೊಂದಿ, ಅಚ್ಚುಕೂಟದ ಕೆಲಸವನ್ನು ಹಿಡಿದನು. ಆ ಮೇಲೆ ಸತ್ಯವೇದದ ಪುಸ್ತಕಗಳನ್ನು ಹೊತ್ತುಕೊಂಡು, ತನ್ನನ್ನು ಮೊದಲು ಹಿಡಿದ ಸೀಮೆಗೇ ಕಾಲುನಡೆಯಾಗಿ ತಿರಿಗಿ ಬಂದನು. ಹಳ್ಳಿಹಳ್ಳಿಯಲ್ಲಿ ಪುಸ್ತಕಗಳನ್ನು ಮಾರುತ್ತಾ, ದಾರಿಯಲ್ಲಿ ಸಿಕ್ಕಿದವರಿಗೆ ಬೋಧಿಸುತ್ತಾ ನಡೆದನು. ಸೇಂತ್ ಪಟ್ಟಣಕ್ಕೆ ಬಂದಾಗ ಏಳೆಂಟು ಮಂದಿಗಿಂತ ಹೆಚ್ಚಾಗಿ ಕೂಡಿಬರುತ್ತಿರಲಿಲ್ಲ, ಅವರಿಗೇ ಬೋಧಿಸಿದನು.

ಎರಡನೆಯ ಸಾರಿ ಅವನನ್ನು ಹಿಡಿದು ಸೇಂತ್ ಪಟ್ಟಣದ ಸೆರೆಮನೆಯಲ್ಲಿ ಇಟ್ಟಾಗ ಅವನ ಸ್ನೇಹಿತನೆಂದು ಹೇಳಿಕೊಳ್ಳುವದು ಪ್ರಾಣಕ್ಕೆ ಅಪಾಯವಾಗಿತ್ತು. ಆದರೂ ಪಲಿಸ್ಸಿಯು ಊರಿನ ಮುಖ್ಯ ನ್ಯಾಯಾಧಿಪತಿಗಳ ಮನೆಗಳಿಗೆ ಹೋಗಿ, ಆ ಮನುಷ್ಯನ ಶುದ್ಧನಡತೆಗೆ ಸಾಕ್ಷಿಹೇಳಿ, ಅವನನ್ನು ಬಿಡಬೇಕೆಂದು ಬೇಡಿಕೊಂಡನು. ಅವರು ಮರ್ಯಾದೆಯಿಂದ ಕೇಳಿದರು, ಬಿಡಲಿಲ್ಲ. 1557ರಲ್ಲಿ ಬೋರ್ಡೋ ಪಟ್ಟಣದಲ್ಲಿ ಹಾಮೆಲಿನನನ್ನು ಕೊಂದರು. ಈ ಸಾರಿ ಅವನು ಅಲುಗಲಿಲ್ಲ. ಮೊದಲು ಬಿರಿದ ಮಣ್ಣನ್ನು ಮಹಾ ಕುಂಬಾರನು ನೆನಸಿ ಮೃದುಮಾಡಿ, ಮತ್ತೆ ರೂಪಿಸಿ, ಹನ್ನೊಂದು ವರ್ಷ ಒಣಗಿಸಿ, ಬೆಂಕಿಗೆ ಯೋಗ್ಯವಾದ ಪಾತ್ರೆಯನ್ನಾಗಿ ಮಾಡಿದ್ದನು.

ಸೆರೆಮನೆಯಿಂದ ಅರಮನೆಗೆ

1562ರಲ್ಲಿ ಫ್ರಾನ್ಸ್ ದೇಶದಲ್ಲಿ ಧರ್ಮದ ನಿಮಿತ್ತ ಯುದ್ಧವು ಹುಟ್ಟಿತು. ಎರಡು ಕಡೆಯವರೂ ಕತ್ತಿ ಹಿಡಿದು ರಕ್ತ ಸುರಿಸಿದರು. ಸೇಂತ್ ಪಟ್ಟಣಕ್ಕೆ ಸೈನಿಕರು ನುಗ್ಗಿದಾಗ ಪಲಿಸ್ಸಿಯು ಎರಡು ತಿಂಗಳು ಮನೆಯೊಳಗೆ ಅಡಗಿಕೊಂಡಿದ್ದನು. ಬಳಿಕ ಇವನನ್ನು ಹಿಡಿದು ರಾತ್ರಿಯಲ್ಲಿ ಬೋರ್ಡೋವಿಗೆ ಸಾಗಿಸಿದರು. ಕೆಲಸದ ಶಾಲೆಯನ್ನು ಒಡೆದು ಬೈಲುಮಾಡಿದರು. ಹಾಮೆಲಿನನ ದಾರಿಯೇ ಇವನಿಗೂ ಕಾದಿತ್ತು. ಆದರೆ ರೋಮನ್ ಕಥೋಲಿಕನಾಗಿದ್ದ ಮೋಂಮೊರಾನ್ಸಿ ಪ್ರಭುವು ಅರಸನ ತಾಯಿಯಾದ ಕ್ಯಾಥರಿನ್ ರಾಣಿಗೆ ಬಿನ್ನವಿಸಿ ಇವನನ್ನು ಬಿಡಿಸಿದನು. ಇವನಿಗೆ ಅರಸನ ಮತ್ತು ರಾಣಿಯ ಕುಂಬಾರನೆಂಬ ಪದವಿಯು ದೊರೆತು, ಕೆಲವು ಕಾಲ ಅದು ಗುರಾಣಿಯಂತಾಯಿತು. 1563ರಲ್ಲಿ ಲಾ ರೋಷೆಲ್ ಪಟ್ಟಣದಲ್ಲಿ ಇವನ ಮೊದಲನೆಯ ದೊಡ್ಡ ಪುಸ್ತಕವು ಅಚ್ಚಾಯಿತು. ಅದರಲ್ಲಿ ಸೇಂತ್ ಸಭೆಯ ವೃತ್ತಾಂತವಲ್ಲದೆ, ಗೊಬ್ಬರದ ತಿಪ್ಪೆಯನ್ನು ಮಳೆಗೆ ಬಿಟ್ಟರೆ ಅದರ ಸಾರವೆಲ್ಲಾ ತೊಳೆದುಹೋಗುವದೆಂದೂ, ಅದನ್ನು ಮುಚ್ಚಿ ಕಾಪಾಡಬೇಕೆಂದೂ ಒಕ್ಕಲಿಗರಿಗೆ ಬುದ್ಧಿಹೇಳಿದ್ದಾನೆ. ಈ ಮಾತು ಇಂದಿಗೂ ಸತ್ಯವಾದದ್ದು.

ಕೆಲವು ವರ್ಷಗಳ ಮೇಲೆ ರಾಣಿಯು ಇವನನ್ನು ಪಾರಿಸಿಗೆ ಕರಸಿ, ಟ್ವಿಲರಿ ಎಂಬ ಹೊಸ ಅರಮನೆಯ ತೋಟದ ಕೆಲಸಕ್ಕೆ ನೇಮಿಸಿದಳು. ಟ್ವಿಲರಿ ಎಂಬ ಹೆಸರಿಗೆ ಹಂಚಿನ ಆವಿಗೆಗಳ ಸ್ಥಳವೆಂದೇ ಅರ್ಥ. ಹಿಂದೆ ಅಲ್ಲಿ ಹಂಚುಗಳನ್ನು ಸುಡುತ್ತಿದ್ದರು. 1572ರಲ್ಲಿ ಪಾರಿಸಿನಲ್ಲಿ ಪ್ರಾಟೆಸ್ಟಂಟರ ದೊಡ್ಡ ಕೊಲೆಯು ನಡೆದಾಗಲೂ ದೇವರು ಇವನ ಪ್ರಾಣವನ್ನು ಉಳಿಸಿದನು.

1575ರಿಂದ ಇವನು ಪಾರಿಸಿನಲ್ಲಿ ಕಲ್ಲು, ಮಣ್ಣು, ನೀರುಗಳ ವಿಷಯವಾಗಿ ಪಂಡಿತರ ಮುಂದೆ ಉಪನ್ಯಾಸಗಳನ್ನು ಮಾಡಿದನು. ಕೇಳಬಂದವರು ಒಂದು ಎಕು ನಾಣ್ಯವನ್ನು ಕೊಡಬೇಕು. ತಾನು ಹೇಳಿದ್ದು ಸುಳ್ಳೆಂದು ತೋರಿಸಿದವರಿಗೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದು ಪ್ರಕಟಿಸಿದ್ದನು. ಅರಸನ ಶಸ್ತ್ರವೈದ್ಯನಾದ ಆಂಬ್ರಾಸ್ ಪಾರೆ ಮೊದಲಾದ ಘನಪಂಡಿತರು ಲತೀನ್ ಬಾರದ ಈ ಕುಂಬಾರನ ಮುಂದೆ ಕೂತು ಕೇಳಿದರು. ಬೆಟ್ಟದ ಕಲ್ಲುಗಳಲ್ಲಿ ಸಿಕ್ಕುವ ಚಿಪ್ಪುಗಳು ಒಂದು ಕಾಲದಲ್ಲಿ ಜೀವಿಸಿದ್ದ ಪ್ರಾಣಿಗಳವೆಂದೂ, ಒರತೆಗಳ ನೀರು ಮಳೆಯಿಂದಲೇ ಬಂದದ್ದೆಂದೂ ಇವನು ಹೇಳಿದ್ದನ್ನು ಮುಂದಿನ ಶಾಸ್ತ್ರಜ್ಞರು ಒಪ್ಪಿದ್ದಾರೆ.

1580ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇವನು ಜೇಡಿಮಣ್ಣಿಗೇ ಒಂದು ಭಾಗವನ್ನು ಮೀಸಲಿಟ್ಟನು. ಎಲ್ಲಾ ಮಣ್ಣೂ ಒಂದೇ ಸ್ವಭಾವದ್ದಲ್ಲ. ಒಂದು ಬೆಂಕಿಯನ್ನು ಸುಲಭವಾಗಿ ತಾಳುತ್ತದೆ, ಇನ್ನೊಂದಕ್ಕೆ ಬಹು ಮೆಲ್ಲಗೆ ಶಾಖಕೊಡಬೇಕು. ಒಳಗಿನ ತೇವವೂ ಬೆಂಕಿಯೂ ಒಂದಕ್ಕೊಂದು ವೈರಿಗಳು ಎಂದು ಅನುಭವದಿಂದ ವಿವರಿಸಿದನು. ಭೂಮಿಯ ವಸ್ತುಗಳಲ್ಲಿ ಎರಡು ವಿಧವಾದ ನೀರು ಉಂಟು, ಒಂದು ಹಾರಿಹೋಗುವಂಥದು, ಇನ್ನೊಂದು ವಸ್ತುವನ್ನು ಕಟ್ಟಿ ಹಿಡಿಯುವಂಥದು ಎಂಬದು ಇವನ ಮತ. ಮಣ್ಣಿನಲ್ಲಿ ಎರಡು ಬಗೆಯ ನೀರು ಉಂಟೆಂದು ಈಗಿನ ಶಾಸ್ತ್ರವೂ ಬೇರೆ ರೀತಿಯಲ್ಲಿ ಹೇಳುವದನ್ನು ಮೇಲೆ ಕಂಡೆವಷ್ಟೆ.

ಕಡೆಯ ಬೆಂಕಿ

1585ರಲ್ಲಿ ಅರಸನು ಪ್ರಾಟೆಸ್ಟಂಟ್ ಆರಾಧನೆಯನ್ನು ದೇಶದಲ್ಲೆಲ್ಲಾ ನಿಷೇಧಿಸಿದನು. ಆಶ್ರಯಕೊಟ್ಟಿದ್ದ ಪ್ರಭುವು ಬಹಳ ಹಿಂದೆಯೇ ತೀರಿಹೋಗಿದ್ದನು. ಮುದುಕನಾಗಿದ್ದ ಪಲಿಸ್ಸಿಯು ಹಿಡಿಯಲ್ಪಟ್ಟು, ಸೆರೆಯನ್ನು ಅನುಭವಿಸಿ, ಮತ್ತೆ 1588ರಲ್ಲಿ ಪಾರಿಸಿನ ಬಾಸ್ತೀಲ್ ಎಂಬ ಕೋಟೆಯ ಸೆರೆಯಲ್ಲಿ ಹಾಕಲ್ಪಟ್ಟನು. ಅರಸನಾದ 3ನೇ ಹೆನ್ರಿಯು ತಾನೇ ಸೆರೆಮನೆಗೆ ಬಂದು ನಂಬಿಕೆಯನ್ನು ಬಿಡುವಂತೆ ಇವನನ್ನು ಕೇಳಿಕೊಂಡನೆಂದೂ, ಇವನು ಒಪ್ಪಲಿಲ್ಲವೆಂದೂ ದೋಬಿನ್ಯೆ ಎಂಬ ಗ್ರಂಥಕಾರನು ಬರೆದಿದ್ದಾನೆ. ಆ ಭೇಟಿಯನ್ನು ಚರಿತ್ರೆಗಾರರೆಲ್ಲರೂ ನಂಬುವದಿಲ್ಲವಾದದರಿಂದ ನಾವು ಅದರ ಮೇಲೆ ಏನನ್ನೂ ಕಟ್ಟುವದಿಲ್ಲ. ಅದು ಇಲ್ಲದಿದ್ದರೂ ಸಾಕ್ಷಿಯು ಸಾಕಷ್ಟಿದೆ. ಅದೇ ಪಟ್ಟಣದಲ್ಲಿ ವಾಸವಾಗಿದ್ದು, ರೋಮನ್ ಕಥೋಲಿಕನೇ ಆಗಿದ್ದ ಪಿಯೆರ್ ದೆ ಲೆತ್ವಾಲ್ ಎಂಬವನು ತನ್ನ ದಿನಚರಿಯಲ್ಲಿ, ಧರ್ಮದ ನಿಮಿತ್ತ ಸೆರೆಯಾದ ಪಲಿಸ್ಸಿಯು 80 ವರ್ಷದವನಾಗಿ ಬಾಸ್ತೀಲಿನಲ್ಲಿ ಕೊರತೆಯಿಂದಲೂ ಕ್ರೂರವಾದ ಉಪಚಾರದಿಂದಲೂ ಸತ್ತನೆಂದು 1590ನೇ ವರ್ಷದ ಕೆಳಗೆ ಬರೆದಿಟ್ಟಿದ್ದಾನೆ. ಒಂದು ಮಾತನ್ನು ಹೇಳಿದ್ದರೆ ಮುದುಕನು ಬಿಡುಗಡೆಯಾಗಬಹುದಿತ್ತು. ಅವನು ಆ ಮಾತನ್ನು ಹೇಳಲಿಲ್ಲ.

ಎಂಟು ವರ್ಷಗಳ ಮೇಲೆ, 1598ರಲ್ಲಿ, ನಾಂತ್ ಪಟ್ಟಣದ ರಾಜಾಜ್ಞೆಯಿಂದ ಫ್ರಾನ್ಸಿನ ಪ್ರಾಟೆಸ್ಟಂಟರಿಗೆ ಒಂದು ಕಾಲದ ವರೆಗೆ ಸಮಾಧಾನವು ದೊರೆಯಿತು. ಬಾಸ್ತೀಲ್ ಕೋಟೆಯನ್ನು 1789ರಲ್ಲಿ ಜನರು ಕೆಡವಲಾರಂಭಿಸಿದರು. ಈಗ ಅದು ಇಲ್ಲ. ಅಲ್ಲಿ ಸತ್ತ ಕುಂಬಾರನ ಕೆಲಸದ ಶಾಲೆಯ ಅಚ್ಚುಗಳೂ ಚೂರುಗಳೂ 1980ರ ದಶಕದಲ್ಲಿ ಲೂವ್ರ್ ಅರಮನೆಯ ಬಳಿ ನೆಲವನ್ನು ಅಗೆದಾಗ ಸಾವಿರಗಟ್ಟಲೆಯಾಗಿ ಸಿಕ್ಕಿದವು. ನಾಲ್ಕು ನೂರು ವರ್ಷ ಮಣ್ಣಿನಲ್ಲಿ ಹೂತಿದ್ದರೂ ಅವು ತಿರಿಗಿ ಮಣ್ಣಾಗಿರಲಿಲ್ಲ, ಸುಟ್ಟದ್ದು ಕರಗುವದಿಲ್ಲ.

ಈ ಚರಿತ್ರೆಯಿಂದ ನಮಗೆ ದೊರೆಯುವ ಬುದ್ಧಿ

ಪ್ರಿಯ ವಾಚಕರೇ, ಪಲಿಸ್ಸಿಯ ಧೈರ್ಯವು ಬಾಸ್ತೀಲಿನ ಬಾಗಲಲ್ಲಿ ಒಮ್ಮೆಗೇ ಹುಟ್ಟಿದ್ದಲ್ಲ. ಮಳೆಯಲ್ಲಿ ನೆನೆದ ರಾತ್ರಿಗಳಲ್ಲಿ, ಊರವರ ಹಾಸ್ಯದಲ್ಲಿ, ಆರು ವಾರಕ್ಕೊಮ್ಮೆ ನಡುಗುತ್ತಾ ವಾಕ್ಯವನ್ನು ಓದಿ ಹೇಳಿದ ಆ ಸಣ್ಣ ಕೂಟದಲ್ಲಿ, ಸ್ನೇಹಿತನಿಗಾಗಿ ನ್ಯಾಯಾಧಿಪತಿಗಳ ಬಾಗಲನ್ನು ತಟ್ಟಿದ ದಿನದಲ್ಲಿ ಅದು ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಯಿತು. ಬೆಂಕಿಯು ಪಾತ್ರೆಯನ್ನು ಸಿದ್ಧಪಡಿಸುವದಿಲ್ಲ, ಸಿದ್ಧವಾದದ್ದನ್ನು ಸ್ಥಿರಪಡಿಸುತ್ತದೆ. ಆದದರಿಂದ ಮನೆಯ ಪ್ರಾರ್ಥನೆಯೂ, ಭಾನುವಾರದ ಆರಾಧನೆಯೂ, ಮಕ್ಕಳಿಗೆ ಕಲಿಸುವ ಪ್ರಶ್ನೋತ್ತರವೂ ಅಲ್ಪವಾದ ಕೆಲಸಗಳೆಂದು ಯಾರೂ ಎಣಿಸಬಾರದು. ಶೋಧನೆಯು ಬರುವದಕ್ಕೆ ಮುಂಚೆ ಒಳಗಿನ ತೇವವು ಹೋಗುವ ದಿನಗಳು ಇವೇ.

ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಇದರಲ್ಲಿ ಎಚ್ಚರಿಕೆಯುಂಟು. ನಿನ್ನೆ ಮೊನ್ನೆ ನಂಬಿದವನನ್ನು ಬಿಸಿಲಿನಲ್ಲಿ ನಿಲ್ಲಿಸಿ, ಹೊರಮೈ ಒಣಗಿದ್ದನ್ನು ನೋಡಿ ಸಂತೋಷಪಟ್ಟು, ಒಳಗೆ ಹಸಿಯಿರುವದನ್ನು ಮರೆಯುವದು ಅನುಭವವುಳ್ಳ ಕುಂಬಾರನ ರೀತಿಯಲ್ಲ. ಎಲ್ಲಾ ಮಣ್ಣಿಗೂ ಒಂದೇ ಶಾಖವು ತಕ್ಕದ್ದಲ್ಲ. ಒಬ್ಬೊಬ್ಬನ ದಪ್ಪವನ್ನೂ ತೆಳುವನ್ನೂ ನೋಡಿ ನಡಿಸಬೇಕು.

ಕಡೆಯದಾಗಿ, ನೆಂಟರ ಭಯದಿಂದಲೋ, ಜೀವನಕ್ಕೆ ಗತಿಯಿಲ್ಲದ್ದರಿಂದಲೋ ಸಭೆಯನ್ನು ಬಿಟ್ಟು ದೂರವಾದವರು ನಮ್ಮ ಹಳ್ಳಿಗಳಲ್ಲಿ ಉಂಟು. ಅವರ ಹೆಸರನ್ನು ಎತ್ತಿದರೆ ಕೆಲವರು ಮುಖ ತಿರುಗಿಸುತ್ತಾರೆ. ಹಾಮೆಲಿನನನ್ನು ಹೀಗೆಯೇ ಬೋಕಿಯೆಂದು ಬಿಸಾಡಿದ್ದರೆ ಸೇಂತ್ ಸಭೆಯು ತನ್ನ ಬೋಧಕನನ್ನು ಎಲ್ಲಿಂದ ಪಡೆಯುತ್ತಿತ್ತು? ಒಬ್ಬ ಮನುಷ್ಯನು ಬದುಕಿರುವ ತನಕ ಅವನು ಇನ್ನೂ ಹಸಿಯ ಮಣ್ಣೇ ಎಂದು ನಂಬಿ, ಅವನ ಮನೆಯ ಬಾಗಲಿಗೆ ಹೋಗಿ ಕರೆಯುವದು ನಮ್ಮ ಕೆಲಸ. ನೆನಸಿ ಮೃದುಮಾಡಿ ಮತ್ತೆ ತಿಗರಿಗೆ ಹಾಕುವದು ದೇವರ ಕೆಲಸ. ಕರ್ತನು ನಮ್ಮಲ್ಲಿ ಪ್ರತಿಯೊಬ್ಬನನ್ನು ತನ್ನ ಕೈಯಲ್ಲಿ ಇಟ್ಟುಕೊಂಡು, ನಮ್ಮ ದಿನ ಬಂದಾಗ ನಿಲ್ಲುವಂಥ ಪಾತ್ರೆಗಳಾಗಿ ಮಾಡಲಿ.